ಗಿರಾಕಿಯ ಪಟ್ಟಿ ನಮ್ಮ ಕೈಯಲ್ಲಿರಲಿ

(ಸಂಘದ ಮಾಸಿಕ ಸಭೆಯಲ್ಲಿ ಮಾಡಿದ ಭಾಷಣ)



ಇಂದು ನಮಗೆ ಕೊಟ್ಟಿರುವ ವಿಷಯ ಸಣ್ಣ ವ್ಯಾಪಾರಕ್ಕೆ ಸಾಮಾಜಿಕ ಜಾಲತಾಣದ ಉಪಯೋಗ ಎಂಬುದು. ಇದನ್ನು ಸಂಘದ ಬೋರ್ಡಿನ ಮೇಲೆ ಬರೆದ ದಿವಸವೇ ಹಿರಿಯರೊಬ್ಬರು ನಮ್ಮನ್ನು ಪಕ್ಕಕ್ಕೆ ಕರೆದು, "ತಮ್ಮಾ, ಸಂಘ ಇರುವುದು ಪಗಾರ ಕೇಳುವುದಕ್ಕೆ, ವ್ಯಾಪಾರ ಕಲಿಸುವುದಕ್ಕಲ್ಲ. ನಾಳೆ ನಮ್ಮವರೆಲ್ಲ ಮಾಲೀಕರಾದರೆ ಬಾವುಟ ಹಿಡಿಯುವವರು ಯಾರು?" ಎಂದು ಕೇಳಿದರು. ಕೇಳತಕ್ಕ ಪ್ರಶ್ನೆಯೇ. ಆದ್ದರಿಂದ ಮೊದಲು ಅದಕ್ಕೆ ಉತ್ತರ ಹೇಳಿ ಮುಂದೆ ಹೋಗುತ್ತೇವೆ.

ಹದಿನಾಲ್ಕು ಹದಿನೈದರ ವಯಸ್ಸಿನಲ್ಲಿ ಊರು ಬಿಟ್ಟು ಬಂದು, ಮೋರಿಯಲ್ಲಿ ಕಪ್ಪು ಬಸಿ ತೊಳೆದು, ಟೇಬಲು ಒರೆಸಿ, ಸಪ್ಲೈಯರ್ ಆಗಿ, ಮೂವತ್ತು ವರ್ಷ ನಿಂತೇ ದುಡಿದವನ ಮೊಣಕಾಲು ನಲವತ್ತೈದಕ್ಕೆ ಮಾತು ಕೇಳುವುದಿಲ್ಲ. ಅಷ್ಟರಲ್ಲಿ ಕಟ್ಟಡ ಹೊಸದಾಗಿ ಕಟ್ಟಲು ಹೋಗುತ್ತದೆ, ಹೋಟೆಲು ಮುಚ್ಚುತ್ತದೆ. ಅನೇಕರಿಗೆ ಪ್ರಾವಿಡೆಂಟ್ ಫಂಡೂ ಇಲ್ಲ. ಅಂಥವನು ಹೆಂಡತಿಯೊಡನೆ ಸೇರಿ ಖೋಲಿಯಲ್ಲಿ ಇಡ್ಲಿ ದೋಸೆಯ ಹಿಟ್ಟು ರುಬ್ಬಿ ಮಾರಿದರೆ ಅವನು ಮಾಲೀಕನಾದಂತಲ್ಲ. ಪಗಾರ ಕೊಡುವವರಿಲ್ಲದ ಕಾರ್ಮಿಕನಾದಂತೆ. ಅವನನ್ನು ಸಂಘ ಕೈಬಿಡಬಾರದು. ಕೆಲಸದಲ್ಲಿರುವವನ ಪಗಾರಕ್ಕೆ ಹೋರಾಡುವುದು ಎಷ್ಟು ಮುಖ್ಯವೋ, ಕೆಲಸ ಕಳೆದುಕೊಂಡವನು ಸಾಲಗಾರನಾಗದಂತೆ ನೋಡುವುದೂ ಅಷ್ಟೇ ಮುಖ್ಯ.

ಗಿರಣಿಯ ಹಿರಿಯರಿಗೆ ಇದು ಹೊಸ ಮಾತಲ್ಲ. 1982ರ ಜನವರಿ 18ರಂದು ಆರಂಭವಾದ ಮುಷ್ಕರದಲ್ಲಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರಿದ್ದರು. ಆಮೇಲೆ ಗಿರಣಿಗಳು ಒಂದೊಂದಾಗಿ ನಿಂತವು. ಆ ದಿನಗಳಲ್ಲಿ ಎಷ್ಟೋ ಮನೆಗಳ ಒಲೆ ಆರದಂತೆ ಕಾದವರು ಹೆಂಗಸರು; ಚಕ್ಕುಲಿ ಕರಿದು, ಡಬ್ಬಿ ಕಟ್ಟಿ ಮಾರಿದವರು. ಗಿರಣಗಾಂವಿನಲ್ಲಿ ಖಾನಾವಳಿ ನಡೆಸುತ್ತಿದ್ದ ಹೆಂಗಸರು ಬಡ್ಡಿ ಸಾಹುಕಾರರ ಕೈಯಲ್ಲಿ ಸಿಕ್ಕಿಕೊಂಡಿದ್ದಾಗ, 1975ರಲ್ಲಿ ಪ್ರೇಮಾ ಪುರವ್ ಅವರು ಅನ್ನಪೂರ್ಣಾ ಮಹಿಳಾ ಮಂಡಳ ಕಟ್ಟಿ ಅವರಿಗೆ ಬ್ಯಾಂಕಿನ ಸಾಲ ಸಿಗುವಂತೆ ಮಾಡಿದರು. ಅವರೂ ಕಾರ್ಮಿಕ ಚಳವಳಿಯಿಂದ ಬಂದವರೇ. ಅಡುಗೆ ಮಾಡಿ ಮಾರುವವಳೂ ದುಡಿಯುವವಳೇ ಎಂದು ಅವರು ಅಂದೇ ಕಂಡಿದ್ದರು.

ಆ ಖಾನಾವಳಿಯ ತಾಯಂದಿರಿಗೆ ಬೋರ್ಡು ಬೇಕಿರಲಿಲ್ಲ. ಯಾವ ಗಿರಣಿಯ ಯಾವ ಪಾಳಿಯವನಿಗೆ ಎಷ್ಟು ಭಾಕರಿ, ಯಾರಿಗೆ ಖಾರ ಕಡಿಮೆ, ಯಾರ ಬಾಕಿ ಎಷ್ಟು ಎಂಬುದೆಲ್ಲ ಅವರ ತಲೆಯಲ್ಲಿತ್ತು. ಗಿರಾಕಿ ಎದುರಿಗೇ ಇದ್ದ. ಇಂದು ನಮ್ಮ ಗಿರಾಕಿ ಹದಿನೆಂಟನೆಯ ಮಾಳಿಗೆಯಲ್ಲಿದ್ದಾನೆ. ಕೆಳಗಿನ ವಾಚ್‌ಮನ್ ನಮ್ಮನ್ನು ಒಳಕ್ಕೆ ಬಿಡುವುದಿಲ್ಲ. ಆದರೆ ಅವನ ಕೈಯಲ್ಲೊಂದು ಫೋನಿದೆ, ನಮ್ಮ ಕೈಯಲ್ಲೂ ಒಂದಿದೆ. ಇದಿಷ್ಟೇ ಈ ವಿಷಯದ ತಿರುಳು.

ನಾವು ಏಳನೆಯ ತರಗತಿಯವರೆಗೆ ಓದಿದವರು. ಕಲಿತದ್ದೆಲ್ಲ ಪೆಟ್ಟು ತಿಂದು ಕಲಿತದ್ದು. ಆದ್ದರಿಂದ ಮೊದಲು ನಾವು ಮಾಡಿದ ತಪ್ಪುಗಳನ್ನೇ ಹೇಳುತ್ತೇವೆ.

2020ರ ಮಾರ್ಚ್ 25ರಿಂದ ದೇಶಕ್ಕೆ ದೇಶವೇ ಬಾಗಿಲು ಹಾಕಿತು. ನಾವಿದ್ದ ಹೋಟೆಲೂ ಮುಚ್ಚಿತು, ಮತ್ತೆ ತೆರೆಯಲಿಲ್ಲ. ಒಂದೇ ಖೋಲಿಯಲ್ಲಿದ್ದ ನಾವು ಮೂವರು ಮರುವರ್ಷ ಒಂದು ಹಳೆಯ ಗ್ರೈಂಡರು ಕೊಂಡು ಹಿಟ್ಟಿನ ವ್ಯಾಪಾರ ಹೂಡಿದೆವು. ನಮ್ಮಲ್ಲೊಬ್ಬರ ಸೋದರಳಿಯ ಕಾಲೇಜು ಓದಿದವ. ಅವನೇ ವಾಟ್ಸ್ಯಾಪ್ ತೆರೆದ, ಫೇಸ್‌ಬುಕ್ಕಿನಲ್ಲಿ ಪುಟ ಮಾಡಿದ, ಎಲ್ಲವನ್ನೂ ತನ್ನ ನಂಬರಿನಲ್ಲೇ ಮಾಡಿದ. ನಮಗೂ ಸುಲಭವಾಯಿತು. ರುಬ್ಬುವುದು ನಾವು, ಫೋನು ನೋಡುವುದು ಅವನು. ಎಂಟು ತಿಂಗಳಲ್ಲಿ ನೂರನಲವತ್ತು ಮನೆಗಳಾದವು.

ಆಮೇಲೆ ಹುಡುಗನಿಗೆ ಪುಣೆಯಲ್ಲಿ ಕೆಲಸ ಸಿಕ್ಕಿತು. ಹೋದ. ಹೊಸ ಕಂಪನಿಯವರು ಹೊಸ ಸಿಮ್ಮು ಕೊಟ್ಟರು. ಹಳೆಯದು ರೀಚಾರ್ಜಿಲ್ಲದೆ ನಿಂತಿತು. ನೂರನಲವತ್ತು ಮನೆಗಳವರು ಆ ನಂಬರಿಗೆ ಬರೆಯುತ್ತಲೇ ಇದ್ದರು, ಉತ್ತರ ಕೊಡುವವರಿಲ್ಲ. ಅವರ ನಂಬರು ನಮ್ಮಲ್ಲಿ ಒಂದೂ ಇಲ್ಲ. ರುಬ್ಬಿದ ಹಿಟ್ಟು ಎರಡು ದಿನ ಹುಳಿಯಾಗಿ ಮೋರಿಗೆ ಹೋಯಿತು. ಮೂರು ಭಾನುವಾರ ನಾವು ಕಟ್ಟಡಗಳ ಗೇಟಿನಲ್ಲಿ ಚೀಟಿ ಹಿಡಿದು ನಿಂತೆವು. ಅರುವತ್ತೊಂದು ಮನೆಗಳು ತಿರುಗಿ ಸಿಕ್ಕವು. ಉಳಿದವು ಹೋದವು.

ಹುಡುಗನ ಮೇಲೆ ನಮಗೆ ಸಿಟ್ಟಿಲ್ಲ. ತಪ್ಪು ನಮ್ಮದು. ಮಾಲೀಕನ ಪೆಟ್ಟಿಗೆಯಲ್ಲಿ ನಮ್ಮ ಹಾಜರಿಯ ಕಾಗದ, ನಮ್ಮ ಫಂಡಿನ ಲೆಕ್ಕ ಇದ್ದಾಗ, "ನಮ್ಮ ಕಾಗದ ನಮ್ಮ ಕೈಯಲ್ಲಿರಬೇಕು" ಎಂದು ಘೋಷಣೆ ಕೂಗಿದವರು ನಾವು. ಆದರೆ ಸ್ವಂತ ವ್ಯಾಪಾರ ಮಾಡಿದಾಗ ಆ ಪಾಠವನ್ನೇ ಮರೆತೆವು. ಗ್ರೈಂಡರು ಹಾಳಾದರೆ ಇನ್ನೊಂದು ಕೊಳ್ಳಬಹುದು; ಗಿರಾಕಿಯ ಪಟ್ಟಿ ಹೋದರೆ ಬಂಡವಾಳವೇ ಹೋದಂತೆ.

ಎರಡನೆಯ ತಪ್ಪು ಫೋಟೋದ್ದು. ಎಲ್ಲಿಯೋ ಸಿಕ್ಕಿದ, ಬೆಳ್ಳಿಯ ತಟ್ಟೆಯಲ್ಲಿ ಹೊನ್ನಿನ ಬಣ್ಣದ ದೋಸೆಯ ಚಿತ್ರವನ್ನು ಹಾಕಿದೆವು. ಮರುದಿನವೇ ಒಬ್ಬ ಮರಾಠಿ ಆಜಿ ಹಿಟ್ಟಿನ ಪಾತ್ರೆ ಹಿಡಿದುಕೊಂಡು ಕೆಳಗಿಳಿದು ಬಂದು, "ಹಿಟ್ಟು ಚೆನ್ನಾಗಿದೆ, ಆದರೆ ಫೋಟೋ ನಿಮ್ಮದಲ್ಲ. ಒಂದರಲ್ಲಿ ಸುಳ್ಳು ಹೇಳಿದವರು ಅಕ್ಕಿಯಲ್ಲೂ ಹೇಳುತ್ತೀರಿ" ಎಂದರು. ಆ ದಿನವೇ ಚಿತ್ರ ತೆಗೆದೆವು. ಕಿಟಕಿಯ ಬೆಳಕಿನಲ್ಲಿ ನಮ್ಮದೇ ಸ್ಟೀಲು ಪಾತ್ರೆಯಲ್ಲಿ ಉಬ್ಬಿದ ನಮ್ಮ ಹಿಟ್ಟಿನ ಚಿತ್ರ ತೆಗೆದು ಹಾಕಿದೆವು. ಅದು ಅಷ್ಟು ಚೆಂದವಿರಲಿಲ್ಲ, ಆದರೆ ನಿಜವಾಗಿತ್ತು. ಆಜಿ ಇಂದಿಗೂ ಹಿಟ್ಟು ಕೊಳ್ಳುತ್ತಾರೆ.

ಮೂರನೆಯದು ದುಡ್ಡು ಹೋದ ತಪ್ಪು. ಒಂದು ದಿನ ಒಬ್ಬ ಫೋನು ಮಾಡಿ, ತಾನು ಸೈನ್ಯದ ಅಧಿಕಾರಿ, ಕ್ಯಾಂಟೀನಿಗೆ ನಲವತ್ತು ಕಿಲೋ ಹಿಟ್ಟು ಬೇಕು, ಮುಂಗಡ ಈಗಲೇ ಕಳುಹಿಸುತ್ತೇನೆ ಎಂದ. ಸಮವಸ್ತ್ರದ ಫೋಟೋ, ಗುರುತಿನ ಚೀಟಿ ಎಲ್ಲ ಕಳುಹಿಸಿದ. ಆಮೇಲೆ ಒಂದು ಕ್ಯೂಆರ್ ಚಿತ್ರ ಕಳುಹಿಸಿ, "ಇದನ್ನು ಸ್ಕ್ಯಾನ್ ಮಾಡಿ ಪಿನ್ ಒತ್ತಿ, ಹಣ ನಿಮ್ಮ ಖಾತೆಗೆ ಬರುತ್ತದೆ" ಎಂದ. ನಾವು ಒತ್ತಿದೆವು. ಬರಬೇಕಾದ ಹಣ ಬರಲಿಲ್ಲ. ಇದ್ದ ಎಂಟು ಸಾವಿರ ರೂಪಾಯಿ ಹೋಯಿತು. ಅದು ಮರುದಿನದ ಅಕ್ಕಿ ಉದ್ದಿನ ದುಡ್ಡು. ನಲವತ್ತು ಕಿಲೋ ಹಿಟ್ಟೂ ಉಳಿಯಿತು.

ಬಂಧುಗಳೆ, ಇದನ್ನು ಮನೆಗೆ ಹೋಗಿ ಎಲ್ಲರಿಗೂ ಹೇಳಿ. ಹಣ ಕೊಡುವುದಕ್ಕೆ ಪಿನ್ ಬೇಕು, ಹಣ ಪಡೆಯುವುದಕ್ಕೆ ಎಂದೂ ಪಿನ್ ಬೇಕಿಲ್ಲ. ಪಿನ್ ಒತ್ತಿರಿ ಎಂದು ಯಾರು ಹೇಳಿದರೂ ಅವರು ನಿಮ್ಮ ಗಲ್ಲಾಪೆಟ್ಟಿಗೆಗೆ ಕೈ ಹಾಕಿದ್ದಾರೆಂದೇ ತಿಳಿಯಬೇಕು. ಅಕಸ್ಮಾತ್ ಹಣ ಹೋದರೆ ನಾಚಿಕೆಪಟ್ಟು ಕೂಡಬೇಡಿ. ಆ ಗಳಿಗೆಯಲ್ಲೇ 1930 ನಂಬರಿಗೆ ಫೋನು ಮಾಡಿ. ಅದು ಸರ್ಕಾರದ ಸಹಾಯವಾಣಿ. ಬೇಗ ತಿಳಿಸಿದರೆ ಹಣ ಮುಂದಕ್ಕೆ ಹೋಗದಂತೆ ತಡೆಯುವ ಸಾಧ್ಯತೆ ಉಂಟು. ನಾವು ಎರಡು ದಿನ ಒಬ್ಬರಿಗೊಬ್ಬರು ಮುಖ ತೋರಿಸದೆ ಕೂತು ಆ ಸಾಧ್ಯತೆಯನ್ನೂ ಕಳೆದುಕೊಂಡೆವು.

ಇನ್ನು ಆರಂಭಿಸುವ ಕ್ರಮವನ್ನು ಹೇಳುತ್ತೇವೆ. ಹೋಟೆಲಿನ ಮಾತಿನಲ್ಲಿ ಹೇಳಿದರೆ ನಮಗೆ ಬೇಗ ತಿಳಿದೀತು. ವಾಟ್ಸ್ಯಾಪ್ ಎಂದರೆ ಗಲ್ಲೆ; ಅಲ್ಲಿ ಗಿರಾಕಿ ಮಾತನಾಡುತ್ತಾನೆ, ಆರ್ಡರು ಕೊಡುತ್ತಾನೆ. ಗೂಗಲ್ ನಕ್ಷೆ ಎಂದರೆ ರಸ್ತೆಯ ಬೋರ್ಡು. ಹೊಸಬನಿಗೆ ದಾರಿ ತೋರಿಸುತ್ತದೆ. ಇನ್‌ಸ್ಟಾಗ್ರಾಂ, ಫೇಸ್‌ಬುಕ್ ಎಂದರೆ ಗಾಜಿನ ಕಪಾಟು. ತಿಂಡಿ ಕಾಣುತ್ತದೆ, ಕಂಡವರೆಲ್ಲ ಕೊಳ್ಳುವುದಿಲ್ಲ. ಹೋಟೆಲು ಇಡುವವನು ಮೊದಲು ಗಲ್ಲೆ ಸರಿಮಾಡುತ್ತಾನೆ, ಆಮೇಲೆ ಬೋರ್ಡು, ಕೊನೆಗೆ ಕಪಾಟು. ನಮ್ಮ ಹುಡುಗರು ಕಪಾಟಿನಿಂದ ಆರಂಭಿಸಿ ಆಯಾಸಪಡುತ್ತಾರೆ.

ಮೊದಲನೆಯದು ನಂಬರು. ವ್ಯಾಪಾರಕ್ಕೆಂದೇ ಒಂದು ಸಿಮ್ಮು, ನಿಮ್ಮ ಹೆಸರಿನಲ್ಲಿ, ನಿಮ್ಮ ಗುರುತಿನ ಮೇಲೆ ತೆಗೆದುಕೊಳ್ಳಿ. ಅದರ ರೀಚಾರ್ಜು ಭಾಡೆಯಂತೆ, ತಪ್ಪಬಾರದು. ತಿಂಗಳುಗಟ್ಟಲೆ ಬಳಸದೆ ಬಿಟ್ಟ ನಂಬರನ್ನು ಕಂಪನಿಯವರು ಬೇರೆಯವರಿಗೆ ಕೊಡುವುದುಂಟು. ಆ ನಂಬರಿನಲ್ಲಿ ವಾಟ್ಸ್ಯಾಪ್ ಬಿಸಿನೆಸ್ ಎಂಬ ಆ್ಯಪ್ ಹಾಕಿಕೊಳ್ಳಿ. 2018ರಲ್ಲಿ ಬಂದದ್ದು, ಹಾಕಿಕೊಳ್ಳಲು ಕಾಸು ಕೊಡಬೇಕಿಲ್ಲ. ಒಂದೇ ನಂಬರನ್ನು ಮಾಮೂಲಿ ವಾಟ್ಸ್ಯಾಪಿಗೂ ಇದಕ್ಕೂ ಒಟ್ಟಿಗೆ ಬಳಸಲಾಗದು; ಆದ್ದರಿಂದಲೇ ಬೇರೆ ನಂಬರು ಒಳ್ಳೆಯದು.

ಎರಡನೆಯದು ಬೀಗ. ಆ್ಯಪ್ ತೆರೆಯುವಾಗ ಆರು ಅಂಕಿಗಳ ಗುಪ್ತ ಸಂಖ್ಯೆ ಬರುತ್ತದೆ. ಅದನ್ನು ಕೇಳುವವನು ಯಾರೇ ಇರಲಿ, ಕೊಡಬಾರದು. ಕೊಟ್ಟರೆ ಖಾತೆ ಅವನ ಕೈಗೆ ಹೋಗುತ್ತದೆ. ಇದರ ಮೇಲೆ ಎರಡು ಹಂತದ ಪರಿಶೀಲನೆ ಎಂಬ ಇನ್ನೊಂದು ಬೀಗವುಂಟು. ಸೆಟ್ಟಿಂಗಿಗೆ ಹೋಗಿ ಅದನ್ನೂ ಹಾಕಿ. ಆ ಸಂಖ್ಯೆ ಇಬ್ಬರಿಗೆ ತಿಳಿದಿರಲಿ. ಮನೆಯಲ್ಲಿ ರುಬ್ಬುವವಳು ಹೆಂಡತಿಯಾದರೆ ಆ ಎರಡನೆಯವರು ಅವಳೇ ಆಗಿರಲಿ. ಫೋನು ಗಂಡನದು, ದುಡಿಮೆ ಹೆಂಡತಿಯದು ಎಂದಾದರೆ ನಾವು ಬೈಯುವ ಮಾಲೀಕನಿಗೂ ನಮಗೂ ಏನು ವ್ಯತ್ಯಾಸ?

ಮೂರನೆಯದು ವಿವರ. ಹೆಸರು, ಏನು ಮಾರುತ್ತೀರಿ, ಯಾವ ಬಡಾವಣೆಗೆ ಮುಟ್ಟಿಸುತ್ತೀರಿ, ಎಷ್ಟು ಹೊತ್ತಿಗೆ, ಯಾವ ದಿನ ರಜೆ, ಇಷ್ಟು ಇರಬೇಕು. ಕ್ಯಾಟಲಾಗ್ ಎಂಬಲ್ಲಿ ಒಂದೊಂದು ಪದಾರ್ಥದ ಚಿತ್ರ ಮತ್ತು ಕ್ರಯ ಹಾಕಬಹುದು. ಕ್ರಯ ಬಚ್ಚಿಡಬೇಡಿ. ಮನೆಯಲ್ಲಿ ಮಾಡಿ ಮಾರುವ ಆಹಾರಕ್ಕೂ ಎಫ್‌ಎಸ್‌ಎಸ್‌ಎಐ ನೋಂದಣಿ ಬೇಕು. ಅದರ 14 ಅಂಕಿಗಳ ನಂಬರನ್ನು ಪೊಟ್ಟಣದ ಮೇಲೂ ಫೋನಿನ ವಿವರದಲ್ಲೂ ಹಾಕಿ. ಅದನ್ನು ಕಂಡ ಗಿರಾಕಿಗೆ ನಂಬಿಕೆ ಬರುತ್ತದೆ.

ನಾಲ್ಕನೆಯದು ಪಟ್ಟಿ. ಹಿಟ್ಟು ಕೊಂಡ ಪ್ರತಿಯೊಬ್ಬರಿಗೂ, "ನಾಳೆಯ ವಿವರ ಕಳುಹಿಸೋಣವೆ? ಹಾಗಾದರೆ ನಮ್ಮ ನಂಬರು ಸೇವ್ ಮಾಡಿಕೊಳ್ಳಿ" ಎಂದು ಕೇಳಿ. ಬ್ರಾಡ್‌ಕಾಸ್ಟ್ ಪಟ್ಟಿಯ ಸಂದೇಶ, ನಿಮ್ಮ ನಂಬರನ್ನು ಸೇವ್ ಮಾಡಿಕೊಂಡವರಿಗಷ್ಟೇ ಮುಟ್ಟುತ್ತದೆ. ಕೇಳದೆ ಗುರುತಿಲ್ಲದ ನೂರಾರು ಜನರಿಗೆ ಕಳುಹಿಸಿದರೆ ಅವರು ದೂರು ಕೊಡುತ್ತಾರೆ, ಖಾತೆಯೇ ಮುಚ್ಚಿಹೋಗಬಹುದು. ಇದರೊಡನೆ ಒಂದು ಕೆಲಸ ತಪ್ಪದೆ ಮಾಡಿ: ವಾರಕ್ಕೊಮ್ಮೆ ಗಿರಾಕಿಗಳ ಹೆಸರು, ನಂಬರು, ಕಟ್ಟಡ, ಬಾಕಿ ಇಷ್ಟನ್ನು ನೋಟುಬುಕ್ಕಿನಲ್ಲಿ ಪೆನ್ನಿನಿಂದ ಬರೆದಿಡಿ. ಫೋನು ಲೋಕಲ್ ಗಾಡಿಯಲ್ಲಿ ಕಳವಾದೀತು, ಖಾತೆ ಮುಚ್ಚೀತು, ನೋಟುಬುಕ್ಕು ಖೋಲಿಯಲ್ಲಿರುತ್ತದೆ. ಆ ನೋಟುಬುಕ್ಕು ಗಿರಾಕಿಯ ವಿಶ್ವಾಸ. ಅದನ್ನು ಇನ್ನೊಬ್ಬರಿಗೆ ಮಾರಬಾರದು, ತೋರಿಸಲೂ ಬಾರದು.

ಐದನೆಯದು ಬೋರ್ಡು. ಗೂಗಲ್ ಬಿಸಿನೆಸ್ ಪ್ರೊಫೈಲ್ ಎಂಬುದನ್ನು ತೆರೆಯುವುದಕ್ಕೂ ಹಣ ಬೇಕಿಲ್ಲ. ನಿಮ್ಮ ಹೆಸರಿನ ಇಮೇಲಿನಿಂದಲೇ ತೆರೆಯಿರಿ, ಅದರ ಗುಪ್ತಪದವನ್ನೂ ನೀವೇ ಇಟ್ಟುಕೊಳ್ಳಿ. ಖೋಲಿಗೆ ಗಿರಾಕಿ ಬರುವುದಿಲ್ಲ, ನಾವೇ ಮುಟ್ಟಿಸುತ್ತೇವೆ ಎಂದಾದರೆ ವಿಳಾಸ ಮರೆಮಾಡಿ ಮುಟ್ಟಿಸುವ ಪ್ರದೇಶವನ್ನಷ್ಟೇ ತೋರಿಸಬಹುದು. ವ್ಯಾಪಾರ ನಿಜವಾಗಿ ಇದೆಯೇ ಎಂದು ಪರೀಕ್ಷಿಸಲು ಫೋನಿನಲ್ಲಿ ವಿಡಿಯೋ ತೆಗೆದು ತೋರಿಸಿ ಎಂದು ಕೇಳುವುದುಂಟು; ಗ್ರೈಂಡರು, ಪಾತ್ರೆ, ಪೊಟ್ಟಣ ತೋರಿಸಿದರಾಯಿತು. "ಗೂಗಲ್‌ನಿಂದ ಮಾತನಾಡುತ್ತಿದ್ದೇವೆ, ಹಣ ಕಟ್ಟದಿದ್ದರೆ ನಿಮ್ಮ ಹೆಸರು ತೆಗೆಯುತ್ತೇವೆ" ಎಂದು ಬರುವ ಫೋನುಗಳು ಮೋಸದವು.

ಆರನೆಯದು ಕಪಾಟು. ಇದನ್ನು ಮಕ್ಕಳಿಗೆ ಬಿಡಬಹುದು, ಆದರೆ ಖಾತೆ ನಿಮ್ಮ ನಂಬರಿನ ಮೇಲಿರಲಿ. ಏನು ಹಾಕುವುದು ಎಂದು ಕೇಳುತ್ತೀರಿ. ನಿಮ್ಮ ಕಸುಬನ್ನೇ ಹಾಕಿ. ಮುಂಬಯಿಯ ಮೇ ತಿಂಗಳ ಸೆಕೆಯಲ್ಲಿ ಹಿಟ್ಟು ಎಷ್ಟು ಬೇಗ ಉಬ್ಬುತ್ತದೆ, ಡಿಸೆಂಬರಿನಲ್ಲಿ ಏಕೆ ತಡವಾಗುತ್ತದೆ, ಉದ್ದನ್ನು ತಣ್ಣೀರಿನಲ್ಲಿ ಏಕೆ ರುಬ್ಬಬೇಕು, ದೋಸೆ ಕಾವಲಿಗೆ ಅಂಟಿದರೆ ಏನು ಮಾಡಬೇಕು, ಇವು ನಮಗೆ ಮಾಮೂಲು. ಹದಿನೆಂಟನೆಯ ಮಾಳಿಗೆಯ ಹೊಸ ಸೊಸೆಗೆ ಇವು ದೊಡ್ಡ ವಿದ್ಯೆ. ಇಪ್ಪತ್ತು ವರ್ಷ ಭಟ್ಟರ ಬೈಗುಳ ತಿಂದು ಕಲಿತದ್ದನ್ನು ನಿತ್ಯ ಒಂದು ಸಾಲಿನಲ್ಲಿ ಹೇಳಿದರೆ ಅದಕ್ಕಿಂತ ದೊಡ್ಡ ಜಾಹೀರಾತಿಲ್ಲ. ದುಡ್ಡು ಕೊಟ್ಟರೆ ಹತ್ತು ಸಾವಿರ ಫಾಲೋವರುಗಳನ್ನು ಕೊಡುತ್ತೇವೆ ಎನ್ನುವವರನ್ನು ದೂರವಿಡಿ. ಆ ಹತ್ತು ಸಾವಿರದಲ್ಲಿ ಇಡ್ಲಿ ತಿನ್ನುವ ಬಾಯಿ ಒಂದೂ ಇರುವುದಿಲ್ಲ.

ಏಳನೆಯದು ಭಾಷೆ. ನಮ್ಮವರಿಗೆ ಕನ್ನಡದಲ್ಲಿ ಬರೆಯೋಣ, ಬಿಡುವುದು ಬೇಡ. ಆದರೆ ನಾವು ಅನ್ನ ಉಣ್ಣುವ ಊರಿನ ಭಾಷೆ ಮರಾಠಿ. ಕ್ರಯದ ಪಟ್ಟಿ ಮರಾಠಿಯಲ್ಲೂ ಇರಬೇಕು, ಹಿಂದಿಯಲ್ಲೂ ಇರಲಿ. ವ್ಯಾಪಾರದ ನಂಬರಿನಿಂದ ಜಾತಿ, ಧರ್ಮ, ಭಾಷೆಯ ಜಗಳದ ಫಾರ್ವರ್ಡುಗಳು ಒಂದೂ ಹೋಗಕೂಡದು. ಗಲ್ಲೆಯ ಮೇಲೆ ನಿಂತು ಭಾಷಣ ಮಾಡುವ ಹೋಟೆಲಿಗೆ ಯಾರೂ ಬರುವುದಿಲ್ಲ.

ಯಾರಾದರೂ ಹಿಟ್ಟು ಹುಳಿಯಾಗಿತ್ತು ಎಂದು ಎಲ್ಲರಿಗೂ ಕಾಣುವಂತೆ ಬರೆದರೆ ವಾದಕ್ಕೆ ಇಳಿಯಬೇಡಿ. ಟೇಬಲಿನ ಗಿರಾಕಿ ಸಾಂಬಾರು ತಣ್ಣಗಿದೆ ಎಂದಾಗ ನಾವು ಜಗಳವಾಡಿದೆವೆ? ಬಟ್ಟಲು ತೆಗೆದುಕೊಂಡು ಹೋಗಿ ಬಿಸಿ ಮಾಡಿ ತಂದೆವು. ಹಾಗೆಯೇ, "ತಪ್ಪಾಗಿದೆ, ನಾಳೆ ಬದಲಿ ಕೊಡುತ್ತೇವೆ" ಎಂದು ಅಲ್ಲಿಯೇ ಬರೆಯಿರಿ, ಕೊಡಿ. ಓದುವ ಇತರರು ದೂರನ್ನು ಮರೆಯುತ್ತಾರೆ, ಉತ್ತರವನ್ನು ನೆನಪಿಡುತ್ತಾರೆ.

ಮನೆಗೆ ಊಟ ಮುಟ್ಟಿಸುವ ದೊಡ್ಡ ಕಂಪನಿಗಳ ಆ್ಯಪಿಗೆ ಸೇರಬೇಕೆ ಎಂದು ಅನೇಕರು ಕೇಳುತ್ತಾರೆ. ಲೆಕ್ಕ ಹಾಕಿ ನೋಡಿ. ಉದಾಹರಣೆಗೆ, ನೂರು ರೂಪಾಯಿಯ ಮಾಲಿಗೆ ಸಾಮಾನು, ಗ್ಯಾಸು, ಪೊಟ್ಟಣ ಸೇರಿ ಅರುವತ್ತು ಖರ್ಚು ಎನ್ನೋಣ. ನೇರವಾಗಿ ಮಾರಿದರೆ ನಲವತ್ತು ಉಳಿಯಿತು. ಮಧ್ಯದವರು ಇಪ್ಪತ್ತೈದು ತೆಗೆದುಕೊಂಡರೆ ಉಳಿಯುವುದು ಹದಿನೈದು. ನಲವತ್ತು ಹದಿನೈದಾದ ಮೇಲೆ ಅದೇ ಸಂಪಾದನೆಗೆ ಎರಡೂವರೆ ಪಟ್ಟಿಗಿಂತಲೂ ಹೆಚ್ಚು ರುಬ್ಬಬೇಕು. ಸೇರಲೇಬಾರದು ಎನ್ನುವುದಿಲ್ಲ, ಹೊಸ ಗಿರಾಕಿ ಸಿಗುವುದುಂಟು. ಆದರೆ ಅಲ್ಲಿಯ ಗಿರಾಕಿಯ ಪಟ್ಟಿ ಕಂಪನಿಯ ಕೈಯಲ್ಲಿರುತ್ತದೆ, ನಮ್ಮ ಕೈಯಲ್ಲಲ್ಲ. ಅದನ್ನು ತಿಳಿದು, ಲೆಕ್ಕ ಬರೆದುಕೊಂಡು ಸೇರಿ. ಜಾಲತಾಣಗಳಿಗೂ ಇದೇ ಮಾತು. ವಾಟ್ಸ್ಯಾಪ್, ಫೇಸ್‌ಬುಕ್, ಇನ್‌ಸ್ಟಾಗ್ರಾಂ ಮೂರೂ ಒಂದೇ ಕಂಪನಿಯವು. 2020ರ ಜೂನಿನಲ್ಲಿ ಸರ್ಕಾರ ಟಿಕ್‌ಟಾಕ್ ನಿಷೇಧಿಸಿದಾಗ ಅದರ ಮೇಲೆಯೇ ನಿಂತಿದ್ದವರ ಗಳಿಕೆ ಒಂದೇ ರಾತ್ರಿಯಲ್ಲಿ ಮುಗಿಯಿತು. ಬಾಡಿಗೆಯ ಜಾಗದಲ್ಲಿ ಅಂಗಡಿ ಇಡಬಹುದು, ಚಿನ್ನ ಹೂಳಬಾರದು.

ಕೊನೆಯದಾಗಿ, ಸಂಘದವರಾಗಿ ಹೇಳಲೇಬೇಕಾದ ಮಾತು. ವ್ಯಾಪಾರ ಬೆಳೆದರೆ ನೀವೂ ಒಬ್ಬ ಹುಡುಗನನ್ನು ಇಟ್ಟುಕೊಳ್ಳುತ್ತೀರಿ. ಹದಿನಾಲ್ಕು ತುಂಬದ ಮಗುವನ್ನು ಕೆಲಸಕ್ಕಿಡುವುದು ಕಾಯಿದೆಗೆ ವಿರುದ್ಧ. ನಮ್ಮ ಬಾಲ್ಯ ಹೋದದ್ದು ಸಾಕು. ಆ ಹುಡುಗನನ್ನು ಕೇಳದೆ ಅವನ ವಿಡಿಯೋ ತೆಗೆದು ಹಾಕಬೇಡಿ. ಅವನು ಪಾತ್ರೆ ತೊಳೆಯುವುದನ್ನು ಊರಿನಲ್ಲಿ ಅವನ ತಾಯಿ ನೋಡಬಾರದೆಂದು ಅವನು ಬಯಸಬಹುದು. ನಾವೂ ಹಾಗೆಯೇ ಅಲ್ಲವೆ ಪತ್ರ ಬರೆಯುತ್ತಿದ್ದದ್ದು? ರಾತ್ರಿ ಹತ್ತರ ಮೇಲೆ ಬರುವ ಸಂದೇಶಕ್ಕೆ, ಬೆಳಿಗ್ಗೆ ಉತ್ತರಿಸುತ್ತೇವೆ ಎಂದು ತಾನಾಗಿಯೇ ಹೋಗುವ ಉತ್ತರವನ್ನು ಆ ಆ್ಯಪಿನಲ್ಲೇ ಹಾಕಿಡಬಹುದು. ಹಾಕಿಡಿ, ಮಲಗಿ. ಕೆಲಸದ ಹೊತ್ತು ಇಷ್ಟೇ ಎಂದು ಮಾಲೀಕರಿಗೆ ಹೇಳಿದ ನಾವು, ಫೋನಿಗೂ ಅದನ್ನು ಹೇಳಬೇಡವೆ?

ನಮ್ಮನ್ನು ಪ್ರಶ್ನಿಸಿದ ಹಿರಿಯರು ಮುಂದಿನ ಸಾಲಿನಲ್ಲೇ ಕುಳಿತಿದ್ದಾರೆ. ಅವರ ಸೊಸೆ ಹೋಳಿಗೆ ಮಾಡಿ ಮಾರುತ್ತಾರೆಂದು ನಮಗೆ ಗೊತ್ತು. ಆರ್ಡರೆಲ್ಲ ನೆರೆಮನೆಯವರ ಫೋನಿಗೆ ಬರುತ್ತದೆಂಬುದೂ ಗೊತ್ತು. ಬರುವ ಭಾನುವಾರದಿಂದ ಸಂಜೆ ನಾಲ್ಕಕ್ಕೆ ಸಂಘದ ಕೋಣೆಯಲ್ಲಿ ಎರಡು ಮೇಜು ಹಾಕುತ್ತೇವೆ. ನಿಮ್ಮ ಫೋನು, ಒಂದು ನೋಟುಬುಕ್ಕು, ಒಂದು ಪೆನ್ನು ತನ್ನಿ. ಕಾಲೇಜು ಓದುವ ನಮ್ಮ ಮಕ್ಕಳು ಪಕ್ಕದಲ್ಲಿ ಕುಳಿತು ತೋರಿಸುತ್ತಾರೆ. ಆದರೆ ಒಂದು ನಿಯಮವುಂಟು: ಅವರು ಬಾಯಿಂದ ಹೇಳಬೇಕು, ಬೆರಳಿಟ್ಟು ಒತ್ತುವವರು ನೀವೇ ಆಗಬೇಕು. ಹೆಂಗಸರು ಮೊದಲು ಬರಲಿ.

 ಹೊರಗೆ ಚಹಾ ಇದೆ, ಕುಡಿದು ಹೋಗಿ.